ಬುತ್ತಿಯಕ್ಕ ಬೆಟ್ಟ ಹತ್ತಿದ ದಿನ

ಬೆಳಕು ಇನ್ನೂ ಮರಗಳ ತುದಿಯಲ್ಲೇ ಇದೆ, ನೆಲಕ್ಕೆ ಇಳಿದಿಲ್ಲ. ಬೆಟ್ಟದ ಕಾಲುದಾರಿ ಶುರುವಾಗುವಲ್ಲಿ, ಗೇಟಿಗೆ ಅಂಟಿಕೊಂಡಂತಿರುವ ತಗಡು ಹೊದಿಸಿದ ಮನೆಯ ಮುಂದಿನ ಕೋಣೆಯಲ್ಲಿ, ಬುತ್ತಿಯಕ್ಕ ಉದ್ದ ಹಲಗೆಯ ಮೇಲೆ ಬಟ್ಟೆಯ ಚೌಕಗಳನ್ನು ಹರಡುತ್ತಿದ್ದಾರೆ. ಹಳೆಯ ಹೊದಿಕೆ, ಹಳೆಯ ಪರದೆ, ಮಗಳು ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಲಂಗ, ಎಲ್ಲವೂ ಕತ್ತರಿಗೆ ಸಿಕ್ಕಿ ಚೌಕವಾಗಿವೆ. ಚೌಕದ ನಡುವೆ ರೊಟ್ಟಿ, ಅದರ ಮೇಲೆ ನೀರಾರಿದ ಆಲೂಗಡ್ಡೆ ಪಲ್ಯ, ಪಕ್ಕದಲ್ಲಿ ಉಪ್ಪಿನ ಪೊಟ್ಟಣ. ಬೇಕೆಂದವರಿಗೆ ಬೇಯಿಸಿದ ಮೊಟ್ಟೆ.

ಆಮೇಲೆ ಗಂಟು. ಅವರ ಕಸುಬಿನ ಗುಟ್ಟೆಲ್ಲ ಗಂಟಿನಲ್ಲಿದೆ. ಮೊಟ್ಟೆ ಇರುವ ಬುತ್ತಿಗೆ ಮೊಲದ ಹಾಗೆ ಎರಡು ಕಿವಿ. ಮೊಟ್ಟೆ ಇಲ್ಲದ್ದಕ್ಕೆ ಒಂದೇ ಕಿವಿ. ಇಷ್ಟು ಮಾಡಿಟ್ಟರೆ ಬಿಚ್ಚಿ ನೋಡುವ ಕೆಲಸವಿಲ್ಲ, ಚಾರಣಿಗರ ನೂಕುನುಗ್ಗಲಿನಲ್ಲೂ ಕೈ ತಪ್ಪುವುದಿಲ್ಲ. ಎಲ್ಲಕ್ಕಿಂತ ಕೊನೆಗೆ ಕಟ್ಟುವುದು ಕಿವಿಯೇ ಇಲ್ಲದ ಒಂದು ಬುತ್ತಿ. ಅದರ ತುದಿಗಳನ್ನು ಅಡಿಗೆ ತೂರಿಸಿ, ಅಂಗೈಯಿಂದ ಒಮ್ಮೆ ಒತ್ತಿ ಬದಿಗಿಡುತ್ತಾರೆ. ಅದು ಅವರ ಯಜಮಾನರಿಗೆ.

“ನನಗೂ ಒಂದು ಬುತ್ತಿ ಕಟ್ಟಮ್ಮ ಇವತ್ತು,” ಎನ್ನುತ್ತಾ ಗೇಟಿನ ಮಾವ ಬಾಗಿಲಿಗೆ ಬರುತ್ತಾರೆ. ಗೇಟು ತೆಗೆಯುವ, ಹಾಕುವ ಕೆಲಸ ಅವರದು. ಈ ಮಾತನ್ನು ಅವರು ದಿನಾ ಕೇಳುತ್ತಾರೆ, ಉತ್ತರವೂ ದಿನಾ ಅದೇ.

“ಬೆಟ್ಟ ಹತ್ತೋರಿಗೆ ಬುತ್ತಿ ಮಾವ. ಕುರ್ಚಿ ಹತ್ತೋರಿಗೆ ಬರೀ ಚಹಾ.”

ಒಳಗಿನ ಕೋಣೆಯಿಂದ ಎಳೆಗೂಸಿನ ಅಳು ಕೇಳುತ್ತದೆ. ಬುತ್ತಿಯಕ್ಕನ ಕೈ ನಿಲ್ಲುತ್ತದೆ. ಮಗಳು ಏನೋ ಗುನುಗಿದ ಮೇಲೆ ಅಳು ತಣಿಯುತ್ತದೆ, ಕೈ ಮತ್ತೆ ಓಡುತ್ತದೆ. ಮಗುವಿಗೆ ಎರಡು ವಾರ. ಬೆಟ್ಟದ ಮೇಲಿರುವ ಅಜ್ಜ ಅದರ ಬಗ್ಗೆ ಇನ್ನೂ ಒಂದು ಮಾತೂ ಕೇಳಿಲ್ಲ. ನಾಳೆ ಬೆಳಗ್ಗೆ ಅಳಿಯ ಲಾರಿ ತರುತ್ತಾನೆ. ಹಸಿಮೈಯ ಮಗಳು ಕೂಸನ್ನು ಎತ್ತಿಕೊಂಡು ಹೊರಟುಬಿಡುತ್ತೇನೆಂದು ಹಟ ಹಿಡಿದಿದ್ದಾಳೆ.

ಬುತ್ತಿಯಕ್ಕನ ಯಜಮಾನರು ಬೆಂಕಿ ಕಾವಲಿನವರು. ಕಾಡು ಒಣಗಿ ಚಟಚಟ ಅನ್ನತೊಡಗಿದಾಗ ಹತ್ತಿದರೆ, ಮಳೆ ಹಿಡಿದ ಮೇಲೆಯೇ ಇಳಿಯುವುದು. ದೂರದೂರದಿಂದ ಜನ ಬಂದು, ಅರ್ಧ ದಿನ ಏದುಸಿರು ಬಿಟ್ಟು ಹತ್ತಿ, ಫೋಟೊ ತೆಗೆಸಿಕೊಳ್ಳುವ ಆ ನೋಟದ ಜಾಗದಲ್ಲೇ ಅವರ ಗುಡಿಸಲು. ಕಣಿವೆಯಲ್ಲಿ ಎಲ್ಲಿ ಹೊಗೆ ಎದ್ದರೂ ವೈರ್‌ಲೆಸ್‌ನಲ್ಲಿ ಅರಣ್ಯ ಕಚೇರಿಗೆ ಹೇಳಬೇಕು. ಮೊದಲು ಸರದಿಗೆ ಇನ್ನೊಬ್ಬರಿದ್ದರು. ಅವರು ಕೆಲಸ ಬಿಟ್ಟ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ. ಹಾಗಾಗಿ ಈ ಸಲ ಹತ್ತಿದವರು ಒಮ್ಮೆಯೂ ಮನೆಯ ಮುಖ ನೋಡಿಲ್ಲ. ಮೇಲೆ ನೀರಿಗೆ ತತ್ವಾರ, ಅದಕ್ಕೇ ಮಳೆ ಬೀಳುವವರೆಗೆ ಗಡ್ಡಕ್ಕೆ ಕತ್ತಿ ಮುಟ್ಟಿಸುವುದಿಲ್ಲ. ಒಲೆ ಹಚ್ಚುವಂತೆಯೂ ಇಲ್ಲ. ಬೆಂಕಿ ಕಾಯುವವರ ಗುಡಿಸಲಲ್ಲೇ ಬೆಂಕಿಗೆ ಜಾಗವಿಲ್ಲ.

ಆದ್ದರಿಂದ ಅವರ ಊಟ ಕೆಳಗಿನಿಂದ ಹೋಗಬೇಕು. ಹೊರುವವರು ಚಾರಣಿಗರು. ದಿನಾ ಬೆಳಗ್ಗೆ ಬುತ್ತಿಯಕ್ಕ ಸಾಲನ್ನೊಮ್ಮೆ ಕಣ್ಣಾಡಿಸಿ ಒಬ್ಬರನ್ನು ಆರಿಸುತ್ತಾರೆ. “ಬೂಟು ನೋಡಿ ಆರಿಸಲ್ಲ, ಬಾಯಿ ನೋಡಿ ಆರಿಸ್ತೀನಿ. ಗೇಟಲ್ಲೇ ಜಂಬ ಕೊಚ್ಚೋರು ನಡುದಾರಿ ಬುಗ್ಗೆ ಹತ್ರ ಕೂತುಬಿಡ್ತಾರೆ. ಸುಮ್ಮನೆ ಚಹಾ ಕುಡಿಯೋರು ತುದಿ ಮುಟ್ತಾರೆ,” ಎನ್ನುತ್ತಾರೆ. ಆರಿಸಿದ್ದು ತಪ್ಪಿದ್ದೂ ಇದೆ. ಒಬ್ಬ ಧಡೂತಿ ಆಸಾಮಿ ದಾರಿಯಲ್ಲೇ ಎರಡೂ ಬುತ್ತಿ ಮುಗಿಸಿ, ಸಂಜೆ ಬಂದು ಪಲ್ಯ ಬಹಳ ರುಚಿಯಾಗಿತ್ತು ಎಂದು ಹೊಗಳಿ ಹೋಗಿದ್ದ.

ಬುತ್ತಿಯ ಜೊತೆ ಮಾತು ಕಳಿಸುವುದನ್ನು ಮಾತ್ರ ಅವರು ಬಿಟ್ಟಿದ್ದಾರೆ. ಹಿಂದಿನ ವರ್ಷ “ಸ್ವಲ್ಪ ಜ್ವರ, ಗಾಬರಿ ಬೇಡ” ಎಂದು ಹೇಳಿ ಕಳಿಸಿದ್ದರು. ಆ ಮಾತು ಬೆಟ್ಟ ಹತ್ತುತ್ತಾ ಬಾಯಿಯಿಂದ ಬಾಯಿಗೆ ದಾಟಿ, ತುದಿ ಮುಟ್ಟುವಾಗ “ಹಾಸಿಗೆ ಹಿಡಿದಿದ್ದಾರೆ, ಕಣ್ಣು ಬಿಡ್ತಿಲ್ಲ” ಎಂದಾಗಿತ್ತು. ಯಜಮಾನರು ಕಾವಲು ಬಿಟ್ಟು ಬಿದ್ದಂಬೀಳ ಇಳಿದು ಬಂದು ನೋಡಿದರೆ, ಹಾಸಿಗೆ ಹಿಡಿದವರು ಒಲೆ ಮುಂದೆ ಕೂತು ಗೇಟಿನ ಮಾವನನ್ನು ಗದರಿಸುತ್ತಿದ್ದರು. ಕಚೇರಿಯಿಂದ ಕಟ್ಟುನಿಟ್ಟಿನ ಎಚ್ಚರಿಕೆ ಬಂತು. ಅಂದಿನಿಂದ ಗಂಡ ಹೆಂಡತಿ ವಸ್ತುಗಳಲ್ಲಿ ಮಾತಾಡುತ್ತಾರೆ. ಅಲ್ಲಿಂದ ಖಾಲಿ ಪೊಟ್ಟಣ ಬಂದರೆ ಉಪ್ಪು ಮುಗಿದಿದೆ. ಕಿತ್ತ ಗುಂಡಿ ಬಂದರೆ ಸೂಜಿ ದಾರ ಬೇಕು. ಹಕ್ಕಿಯ ಪುಕ್ಕ ಬಂದರೆ ಏನೂ ಬೇಡ, ಸುಮ್ಮನೆ ನೆನಪಾಯಿತು. ಪುಕ್ಕಗಳನ್ನು ಬುತ್ತಿಯಕ್ಕ ಎಲ್ಲಿಡುತ್ತಾರೆಂದು ಯಾರಿಗೂ ತೋರಿಸುವುದಿಲ್ಲ.

ಈಗ ಈ ಮಗಳ ವಿಷಯ. ಎರಡು ವರ್ಷದ ಹಿಂದೆ ಅವಳು ತಾನೇ ಮೆಚ್ಚಿದ ಲಾರಿ ಚಾಲಕನನ್ನು ಮದುವೆಯಾದಳು. ಅಪ್ಪ ಮದುವೆಗೆ ಹೋಗಲಿಲ್ಲ. ಮುಖ ನೋಡುವುದಿಲ್ಲ ಎಂದರು, ನೋಡಲೂ ಇಲ್ಲ. ಅವಳು ಹೆರಿಗೆಗೆ ಬಂದದ್ದು ಅವರು ಬೆಟ್ಟ ಹತ್ತಿದ ಮೇಲೆ. ಮಗಳು ತಂದ ಸಿಹಿಯಲ್ಲಿ ಒಂದು ತುಂಡನ್ನು ಬುತ್ತಿಯಕ್ಕ ಆ ಕಿವಿಯಿಲ್ಲದ ಗಂಟಿನೊಳಗೆ ಇಟ್ಟು ಕಳಿಸಿದರು. ಬಟ್ಟೆ ಖಾಲಿಯಾಗಿ ಬಂತು. “ತಿಂದಿದಾರೆ ನೋಡು, ಸಿಟ್ಟು ಇಳಿದಿದೆ,” ಎಂದರು ತಾಯಿ. “ಹೊಟ್ಟೆಗೆಲ್ಲಿ ಸಿಟ್ಟಮ್ಮ?” ಎಂದಳು ಮಗಳು.

ಹೆರಿಗೆಯಾದ ರಾತ್ರಿ ಬುತ್ತಿಯಕ್ಕ ಆಸ್ಪತ್ರೆಯಲ್ಲಿ ಕಣ್ಣಿಗೆ ಕಣ್ಣು ಹಚ್ಚಿರಲಿಲ್ಲ. ಬೆಳಗ್ಗೆ ತಡವಾಗಿ ಓಡಿ ಬಂದರೆ ಗೇಟಿನ ಮುಂದೆ ಚಾರಣಿಗರ ಸಾಲು. ಗಡಿಬಿಡಿಯಲ್ಲಿ ಒಲೆ ಹಚ್ಚಿ, ಬುತ್ತಿ ಕಟ್ಟಿ, ಯಜಮಾನರದರಲ್ಲಿ ಕೂಸಿನ ಪುಟ್ಟ ಉಣ್ಣೆಯ ಟೋಪಿ ಇಟ್ಟರು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು, ಅವರೇ ಹೆಣೆದದ್ದು. ಸಂಜೆ ಬಟ್ಟೆಗಳು ಇಳಿದು ಬಂದವು. ದಿನದ ಹಾಗೆ ಮೊಟ್ಟೆಯ ಚಿಪ್ಪು ಬಿಟ್ಟರೆ ಅವುಗಳಲ್ಲಿ ಪುಕ್ಕ ಇರಲಿಲ್ಲ, ಗುಂಡಿ ಇರಲಿಲ್ಲ, ಏನೂ ಇರಲಿಲ್ಲ. ಮರುದಿನವೂ ಇಲ್ಲ. ಹೇಳಿ ಕಳಿಸೋಣವೆಂದು ತಾಯಿ ಬಾಯಿ ತೆರೆದಾಗ ಮಗಳು ತಡೆದಳು. “ಬೇಡಮ್ಮ. ಟೋಪಿ ನೋಡಿನೂ ಸುಮ್ಮನಿದ್ದಾರೆ ಅಂದ್ರೆ, ಇನ್ನು ಕೇಳಿದ್ರೆ ಭಿಕ್ಷೆ ಬೇಡಿದ ಹಾಗಾಗುತ್ತೆ.” ಅವಳು ಅತ್ತದ್ದನ್ನು ತಾಯಿ ನೋಡಲಿಲ್ಲ. ಬೆಳಗ್ಗೆ ದಿಂಬಿನ ಹೊದಿಕೆ ಒದ್ದೆಯಾಗಿದ್ದನ್ನು ನೋಡಿದರು, ಅಷ್ಟೆ.

ಇವತ್ತು ಸಾಲಿನಲ್ಲಿ ನಿಂತವರ ಪೈಕಿ ದಪ್ಪ ಕನ್ನಡಕದ ಒಬ್ಬ ಚಾರಣಿಗ ಮುಂದೆ ಬರಲೋ ಬೇಡವೋ ಎಂಬಂತೆ ತಡೆಯುತ್ತಿದ್ದಾನೆ. ಕೊನೆಗೆ ಹಲಗೆಯ ಹತ್ತಿರ ಬಂದು ಜೇಬಿಗೆ ಕೈ ಹಾಕುತ್ತಾನೆ.

“ಅಕ್ಕ, ಹೋದ ಸಲ ಬಂದಾಗ ನಾನು ಮೊಟ್ಟೆ ಕೇಳಿದ್ದೆ. ನೀವು ಟೋಪಿ ಕೊಟ್ಟಿದ್ರಿ.”

ಹಲಗೆಯ ಮೇಲೆ ಪುಟ್ಟ ಟೋಪಿ ಬೀಳುತ್ತದೆ. ಗೇಟಿನ ಮಾವನಿಗೆ ನಗು ಬರುತ್ತದೆ, ಬುತ್ತಿಯಕ್ಕನ ಮುಖ ನೋಡಿ ಅಲ್ಲೇ ನುಂಗಿಕೊಳ್ಳುತ್ತಾರೆ.

“ಯಾವ ಗಂಟಿನಲ್ಲಿತ್ತು?”

“ಎರಡು ಕಿವೀದು. ಮೇಲೆ ಬಿಚ್ಚಿದಾಗ ಸಿಕ್ತು. ಯಾರದೋ ತಪ್ಪಿ ಬಿದ್ದಿದೆ ಅಂತ ಮನೆಗೆ ತಗೊಂಡು ಹೋದೆ. ಅಮ್ಮ ಬೈದರು. ‘ಇದನ್ನ ಹೆಣೆದೋಳು ಕಾಯ್ತಿರ್ತಾಳೆ, ಮೊದಲು ಕೊಟ್ಟು ಬಾ’ ಅಂದ್ರು.”

ಬುತ್ತಿಯಕ್ಕ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಾರೆ. ವರ್ಷಗಟ್ಟಲೆ ಎರಡು ಕಿವಿ ಕಟ್ಟಿ ಕಟ್ಟಿ ಪಳಗಿದ ಬೆರಳುಗಳು. ನಿದ್ದೆಗೆಟ್ಟ ಬೆಳಗಿನಲ್ಲಿ, ಮನಸ್ಸು ಇನ್ನೂ ಆಸ್ಪತ್ರೆಯಲ್ಲಿದ್ದಾಗ, ಆ ಬೆರಳುಗಳು ತಮಗೆ ಗೊತ್ತಿದ್ದದ್ದನ್ನು ಮಾಡಿವೆ. ಟೋಪಿ ಇದ್ದ ಬುತ್ತಿ ಮೊಟ್ಟೆಯವರ ಸಾಲಿಗೆ ಸೇರಿದೆ. ಕೊನೆಗೆ ಉಳಿದದ್ದು, ಬೇರೆ ಯಾರದೋ, ಯಜಮಾನರಿಗೆ ಹೋಗಿದೆ. ಅವರಿಗೆ ಗೊತ್ತೇ ಇಲ್ಲ. ಗೊತ್ತಿಲ್ಲದವರ ಮೇಲೆ ಎರಡು ವಾರದಿಂದ ತಾಯಿ ಮಗಳು ಮುನಿಸಿಕೊಂಡು ಕೂತಿದ್ದಾರೆ.

“ಕೊಡಿ ಅಕ್ಕ, ನಾನೇ ಮೇಲೆ ತಲುಪಿಸ್ತೀನಿ,” ಎನ್ನುತ್ತಾನೆ ಕನ್ನಡಕದವನು.

“ಬೇಡ,” ಎನ್ನುತ್ತಾರೆ. ಸೊಂಟಕ್ಕೆ ಸಿಕ್ಕಿಸಿದ್ದ ಕೈಬಟ್ಟೆ ತೆಗೆದು ಗೂಟಕ್ಕೆ ಹಾಕುತ್ತಾರೆ. “ನಾನೇ ಹೋಗ್ತೀನಿ.”

“ನಿನ್ನ ಮಂಡಿ?” ಎನ್ನುತ್ತಾರೆ ಗೇಟಿನ ಮಾವ.

“ಅದನ್ನೂ ಕರ್ಕೊಂಡು ಹೋಗ್ತೀನಿ. ನೀವು ಇದನ್ನೆಲ್ಲ ಹಂಚಿ ಮಾವ. ಎರಡು ಕಿವಿ ಮೊಟ್ಟೆ, ಒಂದು ಕಿವಿ ಬರೀ ಪಲ್ಯ. ಒಂದು ನೀವೂ ತಿನ್ನಿ, ಹಾಳಾಗಿ ಹೋಗ್ಲಿ.”

ಒಳಗೆ ಹೋಗಿ ಮಗಳಿಗೆ ಏನು ಹೇಳುತ್ತಾರೋ ಹೊರಗೆ ಕೇಳುವುದಿಲ್ಲ. ಬರುವಾಗ ಕೈಯಲ್ಲಿ ಕೋಲು, ಹೆಗಲಲ್ಲಿ ಚೀಲ.

ಈ ಬೆಟ್ಟ ಅವರಿಗೆ ಹೊಸದಲ್ಲ. ಮದುವೆಯಾದ ಹೊಸತರಲ್ಲಿ ಬೇಸಿಗೆಗಳನ್ನೆಲ್ಲ ಇಬ್ಬರೂ ಮೇಲಿನ ಗುಡಿಸಲಲ್ಲೇ ಕಳೆದವರು. ಮಗಳನ್ನು ಬೆನ್ನಿಗೆ ಕಟ್ಟಿಕೊಂಡೂ ಹತ್ತಿದ್ದಾರೆ. ಅವಳು ಶಾಲೆಗೆ ಸೇರಿದ ಮೇಲೆ ಕೆಳಗೆ ಉಳಿದರು. ಒಮ್ಮೆ ಹೊರೆ ಹೊತ್ತು ಇಳಿಯುವಾಗ ಪಾಚಿಗಲ್ಲಿನ ಮೇಲೆ ಜಾರಿ ಮಂಡಿ ಹೋಯಿತು. ಆಮೇಲೆ ಹತ್ತಿದ್ದಿಲ್ಲ. ಬುತ್ತಿಗಳು ಹತ್ತಿದವು, ಅವರು ಗೇಟಿನಲ್ಲಿ ಉಳಿದರು. ಮೇಲೆ ಮೋಡ ಇತ್ತೇ, ಬುಗ್ಗೆಯಲ್ಲಿ ನೀರಿದೆಯೇ, ಯಜಮಾನರು ಸೊರಗಿದ್ದಾರೆಯೇ, ಎಲ್ಲವನ್ನೂ ಸಂಜೆ ಇಳಿದು ಬಂದವರನ್ನು ಕೇಳಿಯೇ ತಿಳಿಯಬೇಕು. ಸುಸ್ತಾದವರು “ಸೂಪರ್ ಅಕ್ಕ” ಎಂದು ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ.

ದಾರಿ ಮೊದಲು ಮೆತ್ತಗಿದೆ. ಉದುರಿದ ಎಲೆಗಳ ಮೇಲೆ ಹೆಜ್ಜೆಯ ಸದ್ದು ಮಾತ್ರ. ಆಮೇಲೆ ಬೇರುಗಳು ಮೆಟ್ಟಿಲಾಗುತ್ತವೆ. ಒಂದು ಕಾಲು ಎತ್ತಿಟ್ಟು, ಕೋಲೂರಿ, ಇನ್ನೊಂದನ್ನು ಎಳೆದುಕೊಳ್ಳುತ್ತಾರೆ ಬುತ್ತಿಯಕ್ಕ. ದಾಟಿ ಹೋಗುವವರಿಗೆಲ್ಲ ಅಚ್ಚರಿ. “ಅರೆ, ಬುತ್ತಿನೇ ನಡ್ಕೊಂಡು ಬರ್ತಿದೆ!” ಎಂದು ಯಾರೋ ಕೂಗುತ್ತಾರೆ. ಬುತ್ತಿಯಕ್ಕ ನಗುತ್ತಾರೆ, ಆದರೆ ಉತ್ತರ ಕೊಡಲು ಉಸಿರಿಲ್ಲ. ಚೀಲ ಆಗಲೇ ಕನ್ನಡಕದವನ ಹೆಗಲೇರಿದೆ. ಟೋಪಿ ಮಾತ್ರ ಅವರ ಮುಷ್ಟಿಯಲ್ಲಿದೆ.

“ನನ್ನಿಂದ ಎಷ್ಟು ತೊಂದರೆ ಆಯ್ತು ನೋಡಿ,” ಎನ್ನುತ್ತಾನೆ ಅವನು, ನಡುದಾರಿಯ ಬುಗ್ಗೆಯ ಹತ್ತಿರ ಕೂತಾಗ.

“ನಿಮ್ಮದೇನು ತಪ್ಪು? ಕೈ ನನ್ನದು.” ಬುಗ್ಗೆಯ ನೀರನ್ನು ಮಂಡಿಗೆ ಹಾಕಿಕೊಳ್ಳುತ್ತಾರೆ. “ಇಲ್ಲಿ ಒಂದು ಬಾಗಿದ ಮರ ಇತ್ತು. ಮಗಳನ್ನ ಅದರ ಮೇಲೆ ಕೂರಿಸಿ ನಾವು ನೀರು ಕುಡೀತಿದ್ವಿ. ಮರ ಬಿದ್ದಿದೆ ಅಂತ ಯಾರೂ ಹೇಳಲೇ ಇಲ್ಲ ನನಗೆ.”

ಮರ ಇದ್ದ ಜಾಗದಲ್ಲಿ ಈಗ ಎದೆಯೆತ್ತರದ ಜರಿಗಿಡ. ಅದನ್ನು ಸ್ವಲ್ಪ ಹೊತ್ತು ನೋಡಿ, ಕೋಲು ಹಿಡಿದು ಏಳುತ್ತಾರೆ.

ಕೊನೆಯ ಏರು ಬಂಡೆ. ಅಲ್ಲಿ ಹಗ್ಗ ಕಟ್ಟಿದ್ದಾರೆ. ಹಗ್ಗ ಹಿಡಿದು, ಮೂರು ಸಲ ಕೂತು, ಒಮ್ಮೆ “ಇಳಿದುಬಿಡ್ಲಾ?” ಎಂದು ತಮ್ಮನ್ನೇ ಕೇಳಿಕೊಂಡು, ಹೊತ್ತು ನೆತ್ತಿಗೆ ಬಂದಾಗ ಬುತ್ತಿಯಕ್ಕ ತುದಿ ಮುಟ್ಟುತ್ತಾರೆ. ಮುಂದೆ ಬೆಟ್ಟದ ಮೇಲೆ ಬೆಟ್ಟ, ನೀಲಿಯ ಹಿಂದೆ ತಿಳಿನೀಲಿ, ಎಲ್ಲೋ ಕೆಳಗೆ ದಾರದಂತೆ ಹೊಳೆ. ಜನ ಕೈ ಚಾಚಿ ಚಾಚಿ ತೋರಿಸುತ್ತಿದ್ದಾರೆ. ಬುತ್ತಿಯಕ್ಕ ಅತ್ತ ನೋಡುವುದಿಲ್ಲ. ಗುಡಿಸಲಿನ ಕಡೆ ನಡೆಯುತ್ತಾರೆ.

ಕಾವಲಿನವರು ಬೆನ್ನು ಹಾಕಿ ನಿಂತಿದ್ದಾರೆ, ಕಣ್ಣಿಗೆ ದುರ್ಬೀನು. ಹೆಜ್ಜೆಯ ಸದ್ದು ಕೇಳಿ, ತಿರುಗದೆಯೇ, “ಬುತ್ತೀನ ಆ ಕಲ್ಲಿನ ಮೇಲಿಡಿ, ತಣ್ಣಗಿರುತ್ತೆ,” ಎನ್ನುತ್ತಾರೆ.

“ಈ ಮಂಡೀಲಿ ಇಷ್ಟು ಹತ್ತಿದ್ದು ಕಲ್ಲಿನ ಮೇಲೆ ಇಡೋಕಾ?”

ದುರ್ಬೀನು ಇಳಿಯುತ್ತದೆ. ಅವರು ತಿರುಗುತ್ತಾರೆ. ಬುತ್ತಿಯಕ್ಕ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗುತ್ತದೆ. ಯಾಕೆಂದರೆ ಎದುರಿಗಿರುವ ಮುಖದಲ್ಲಿ ಗಡ್ಡವಿಲ್ಲ. ಅಲ್ಲಲ್ಲಿ ಗೀರಿದೆ, ಗಲ್ಲ ನುಣ್ಣಗಿದೆ.

“ಗಡ್ಡ ಎಲ್ಲಿ?”

“ತೆಗೆದೆ.”

“ಮಳೆ ಬಿದ್ದಿಲ್ಲ?”

“ಇಲ್ಲ.” ಅವರು ಗಲ್ಲ ಸವರಿಕೊಳ್ಳುತ್ತಾರೆ. “ಕೂಸಿನ ಕೆನ್ನೆಗೆ ಚುಚ್ಚುತ್ತೆ ಅಂತ.”

ಬುತ್ತಿಯಕ್ಕ ಅಲ್ಲೇ ಕಲ್ಲಿನ ಮೇಲೆ ಕೂರುತ್ತಾರೆ. “ಯಾರು ಹೇಳಿದ್ರು?” ಎನ್ನುತ್ತಾರೆ.

“ನಿನ್ನ ಒಲೆ ಹೇಳ್ತು,” ಎನ್ನುತ್ತಾರೆ ಯಜಮಾನರು. ಕೆಳಗೆ ಬೆರಳು ತೋರಿಸುತ್ತಾರೆ. ಕಾಡಿನ ಅಂಚಿನಲ್ಲಿ ತಗಡಿನ ಒಂದು ಹೊಳಪು, ಉಗುರಿನಷ್ಟು. “ದಿನಾ ಬೆಳಗ್ಗೆ ಮೊದಲು ಏಳೋ ಹೊಗೆ ನಿನ್ನದು. ಅದನ್ನ ನೋಡೇ ನಾನು ಮುಖ ತೊಳೆಯೋದು. ಕಚೇರಿಗೆ ‘ಹೊಗೆ ಇಲ್ಲ’ ಅಂತೀನಿ. ನಿನ್ನದನ್ನ ಲೆಕ್ಕಕ್ಕೆ ತಗೊಳ್ಳಲ್ಲ. ಅವತ್ತು ಹೊಗೆನೇ ಏಳ್ಲಿಲ್ಲ. ಬಿಸಿಲು ಆ ಬಂಡೆ ದಾಟಿತು, ಆದ್ರೂ ಇಲ್ಲ. ನೀನು ಒಲೆ ತಡ ಮಾಡೋಳಲ್ಲ. ಹೆರಿಗೆ ತಿಂಗಳು ನನಗೂ ಗೊತ್ತಿತ್ತಲ್ಲ. ಇನ್ನೇನಿರುತ್ತೆ?”

“ಮತ್ತೆ ಒಂದು ಪುಕ್ಕನಾದ್ರೂ ಕಳಿಸಬಾರದಾ?”

“ಏನು ಅಂತ ಕಳಿಸ್ಲಿ? ಬುತ್ತಿ ಬಂತು, ಬಿಚ್ಚಿದ್ರೆ ಮೊಟ್ಟೆ! ಮೊಟ್ಟೆ ಅಂದ್ರೇನು ಅರ್ಥ? ಗಂಡಾ, ಹೆಣ್ಣಾ? ಉಳೀತಾ, ಇಲ್ವಾ? ತಲೆ ಕೆಟ್ಟು ಹೋಯ್ತು. ಚಿಪ್ಪು ಪುಡಿಯಾಗದ ಹಾಗೆ ಎರಡು ಹೋಳು ಮಾಡಿ, ಬಟ್ಟೇಲಿ ಸುತ್ತಿ ಕಳಿಸ್ದೆ. ‘ಏನಿದು, ಬಿಡಿಸಿ ಹೇಳು’ ಅಂತ.”

“ಅಯ್ಯೋ! ಅದನ್ನ ಗಿಡದ ಬುಡಕ್ಕೆ ಸುರಿದೆನಲ್ಲ. ಟ್ರೆಕ್ಕಿಂಗ್‌ನೋರ ಚಿಪ್ಪಿನ ಜೊತೆ ಅದೂ ಹೋಯ್ತು.”

“ಹಾಗಾದ್ರೆ ಹೇಳು ಈಗ.” ಇಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಇಲ್ಲಿ ಇಳಿಯುತ್ತದೆ. “ಇದೆಯಾ?”

ಬುತ್ತಿಯಕ್ಕ ಮುಷ್ಟಿ ಬಿಚ್ಚುತ್ತಾರೆ. ಟೋಪಿ ಬೆವರಿಗೆ ಒದ್ದೆಯಾಗಿದೆ. “ಇದೆ. ಹೆಣ್ಣು. ಮೂಗು ನಿಮ್ಮದೇ, ಪಾಪ.”

ಕಾವಲಿನವರು ಟೋಪಿಯನ್ನು ತೆಗೆದುಕೊಂಡು ಎರಡು ಬೆರಳಿಗೆ ತೊಡಿಸಿ ನೋಡುತ್ತಾರೆ. ಫೋಟೊ ತೆಗೆಯುತ್ತಿದ್ದವರು ಇತ್ತ ತಿರುಗುತ್ತಾರೆ, ಕನ್ನಡಕದವನು ಸುಮ್ಮನೆ ದೂರ ಸರಿದು ನಿಲ್ಲುತ್ತಾನೆ.

“ನಾಳೆ ಲಾರಿ ಬರುತ್ತೆ,” ಎನ್ನುತ್ತಾರೆ ಬುತ್ತಿಯಕ್ಕ. “ಹೊರಡ್ತಾಳಂತೆ. ಅಪ್ಪನಿಗೆ ನಾನು ಬೇಡ ಅಂದ್ಕೊಂಡಿದಾಳೆ.”

ಯಜಮಾನರು ಒಂದು ಹೆಜ್ಜೆ ಇಡುತ್ತಾರೆ, ನಿಲ್ಲುತ್ತಾರೆ. ಕಣಿವೆಯ ಕಡೆ ನೋಡುತ್ತಾರೆ, ದುರ್ಬೀನು ನೋಡುತ್ತಾರೆ. ಒಮ್ಮೆ ಕಾವಲು ಬಿಟ್ಟು ಓಡಿದವರು. ಕಾಡು ಇನ್ನೂ ಒಣಗಿಯೇ ಇದೆ.

“ಕೊಡಿ ಇಲ್ಲಿ.” ಬುತ್ತಿಯಕ್ಕ ಕೈ ಚಾಚುತ್ತಾರೆ. “ನಾನೇನು ಹೊಗೆ ಕಾಣದೋಳಾ? ಕಚೇರಿಗೆ ಹೇಳಿ.”

ವೈರ್‌ಲೆಸ್ ಗರಗರ ಎನ್ನುತ್ತದೆ. ಕಾವಲಿನವರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಆ ಕಡೆಯಿಂದ ಒಂದು ದನಿ: “ಅವರು ಮೊದಲು ಅಲ್ಲೇ ಇದ್ದೋರು ಅಲ್ವಾ? ಸರಿ. ಬೆಳಗ್ಗೆ ವಾಪಸ್ ಬರಬೇಕು. ಕಣ್ಣು ಯಾರದಾದ್ರೂ ಇರ್ಲಿ, ತೆರೆದಿರ್ಲಿ.”

“ಇವಳ ಕಣ್ಣು ನನ್ನದಕ್ಕಿಂತ ಚುರುಕು ಸಾರ್,” ಎಂದು ಕಾವಲಿನವರು ಗುಂಡಿ ಬಿಡುತ್ತಾರೆ.

ಎರಡು ತುತ್ತು ಉಂಡು ಹೋಗಿ ಎಂದರೂ ಅವರಿಗೆ ಪುರುಸೊತ್ತಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, ಟೋಪಿಯನ್ನು ಎದೆಯ ಜೇಬಿಗೆ ತುರುಕುತ್ತಾ, “ರಾತ್ರಿ ಚಳಿ ಇರುತ್ತೆ, ಕಂಬಳಿ ಮೂಲೇಲಿದೆ,” ಎಂದಷ್ಟೇ ಹೇಳುತ್ತಾರೆ. ಹಗ್ಗದ ಬಂಡೆಯ ಹತ್ತಿರ ಒಮ್ಮೆ ತಿರುಗಿ ನೋಡಿ, ಹಗ್ಗ ಹಿಡಿಯುತ್ತಾರೆ. ಕನ್ನಡಕದವನು ಅವರ ಹಿಂದೆ ಇಳಿಯುತ್ತಾನೆ. ತಿಂಗಳುಗಟ್ಟಲೆ ಕಾದು, ಅರ್ಧ ದಿನ ಹತ್ತಿ ಬಂದದ್ದಕ್ಕೆ ಬುತ್ತಿಯಕ್ಕನಿಗೆ ಯಜಮಾನರು ಸಿಕ್ಕಿದ್ದು ಒಂದು ಲೋಟ ಚಹಾ ಆರುವಷ್ಟು ಹೊತ್ತು.

ಮಧ್ಯಾಹ್ನವೆಲ್ಲ ಅವರು ದುರ್ಬೀನು ಹಿಡಿದು ಕೂರುತ್ತಾರೆ. ಹೊಳೆಯ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಕೊನೆಗೆ ಉಳಿದ ಚಾರಣಿಗರು ಒಂದು ಎಳೆಯ ಜೋಡಿ. ಹೊರಡುವ ಮುಂಚೆ ಹುಡುಗಿ ಹತ್ತಿರ ಬರುತ್ತಾಳೆ. “ನೀವು ಪುಣ್ಯವಂತ್ರು ಅಕ್ಕ. ದಿನಾ ಇದನ್ನ ನೋಡ್ತೀರ.”

“ನೋಡಿಲ್ಲಮ್ಮ,” ಎನ್ನುತ್ತಾರೆ ಬುತ್ತಿಯಕ್ಕ. “ಆಗ ಮಗು ಬಂಡೆ ತುದಿಗೆ ಹೋಗುತ್ತಾ ಅಂತ ನೋಡ್ತಿದ್ದೆ. ಈಗ ಹೊಗೆ ಇದೆಯಾ ಅಂತ ನೋಡ್ತಿದ್ದೀನಿ.” ದುರ್ಬೀನನ್ನು ಮತ್ತೆ ಹೊಳೆಯ ಕಡೆ ತಿರುಗಿಸುತ್ತಾರೆ. “ಮಳೆ ಹಿಡಿದ ಮೇಲೆ, ಕಾಡು ನೆನೆದ ಮೇಲೆ, ಅವರ ಜೊತೆ ಒಂದು ಸಲ ಬರಬೇಕು ಅಂತಿದೆ. ನಿಮ್ಮ ಹಾಗೆ. ಇಲ್ಲಿ ಕಾಲು ಚಾಚಿ ಕೂತು ಏನನ್ನೂ ಹುಡುಕದೆ ನೋಡಬೇಕು. ಮಂಡಿ ಒಪ್ಪಬೇಕಲ್ಲ.”

ಜೋಡಿ ಇಳಿದು ಹೋಗುತ್ತದೆ. ಬಿಸಿಲು ಬೆಟ್ಟಗಳ ಬೆನ್ನಿಗೆ ಸರಿಯುತ್ತದೆ. ಬುತ್ತಿಯಕ್ಕ ಕಂಬಳಿ ಹೊದ್ದು ದುರ್ಬೀನನ್ನು ಕಾಡಿನ ಅಂಚಿಗೆ ಇಳಿಸುತ್ತಾರೆ. ತಗಡು ಮಂಕಾಗಿದೆ. ಯಜಮಾನರು ಇಷ್ಟು ಹೊತ್ತಿಗೆ ಮುಟ್ಟಿರಬೇಕು. ಬಾಗಿಲಲ್ಲಿ ನಿಂತಿದ್ದಾರೋ, ಒಳಗೆ ಹೋಗಿದ್ದಾರೋ. ಮಗಳು ಮುಖ ತಿರುಗಿಸಿದ್ದಾಳೋ, ಕೂಸನ್ನು ಕೈಗೆ ಕೊಟ್ಟಿದ್ದಾಳೋ. ಇಷ್ಟು ದೂರಕ್ಕೆ ಯಾವ ದುರ್ಬೀನೂ ಅದನ್ನು ತೋರಿಸುವುದಿಲ್ಲ. ನೋಡಿ ನೋಡಿ ಅವರ ಕಣ್ಣಲ್ಲಿ ನೀರು ಬರುತ್ತದೆ. ಒರೆಸಿಕೊಂಡು ಮತ್ತೆ ನೋಡುತ್ತಾರೆ.

ಆಗ ತಗಡಿನ ಮೇಲೆ ಒಂದು ಬಿಳಿ ಎಳೆ ಏಳುತ್ತದೆ. ಎಳೆ ದಪ್ಪವಾಗುತ್ತದೆ, ಬೂದು ಬಣ್ಣಕ್ಕೆ ತಿರುಗಿ ಸುರುಳಿಯಾಗುತ್ತದೆ. ಮಗಳಿಗೆ ಸ್ನಾನಕ್ಕೆ ನೀರು ಕಾಯಿಸಲು ಯಾರೋ ಒಲೆ ಹಚ್ಚಿದ್ದಾರೆ. ಗೇಟಿನ ಮಾವನಿಗೆ ಒಲೆ ಹಚ್ಚಿ ಗೊತ್ತಿಲ್ಲ. ಬಾಣಂತಿ ಮಗಳನ್ನು ಈಗ ಒಲೆಯ ಮುಂದೆ ಕೂರಲು ಯಾರೂ ಬಿಡುವುದಿಲ್ಲ.

ವೈರ್‌ಲೆಸ್ ಗರಗರ ಎನ್ನುತ್ತದೆ. “ಏನಮ್ಮ, ಎಲ್ಲಾದ್ರೂ ಹೊಗೆ ಇದೆಯಾ?”

ಬುತ್ತಿಯಕ್ಕ ಗುಂಡಿ ಒತ್ತುತ್ತಾರೆ. “ಇಲ್ಲ ಸಾರ್. ಎಲ್ಲೂ ಇಲ್ಲ.”

ಗುಂಡಿ ಬಿಟ್ಟ ಮೇಲೆ, ದುರ್ಬೀನು ಕೆಳಗಿಳಿಸದೆ, ಅವರು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾರೆ: “ಹಸಿ ಸೌದೆ ಇಟ್ಟಿದಾರೆ ಪುಣ್ಯಾತ್ಮರು. ಕೂಸಿನ ಕಣ್ಣುರಿಯಲ್ವಾ?”